ಅಂಕೋಲೆಯಲ್ಲಿ ಇಳಿದು ಕಾರವಾರಕ್ಕೆ

ಶಿರಸಿಯಲ್ಲಿ ಬೆಳಿಗ್ಗೆ ಬಸ್ಸು ಹತ್ತುವಾಗ ನನ್ನ ಚೀಲದಲ್ಲಿದ್ದದ್ದು ಒಂದು ಜೊತೆ ಬಟ್ಟೆ, ಅಮ್ಮನ ಎರಡು ಬಳೆ. ಅವತ್ತು ಪವಿತ್ರ ಶನಿವಾರ, ಈಸ್ಟರ್‌ನ ಹಿಂದಿನ ದಿನ. ರಾತ್ರಿ ಕಾರವಾರದಲ್ಲಿ ಪಾಸ್ಖ ಜಾಗರಣೆ, ಅಂದರೆ ಯೇಸು ಸತ್ತು ಎದ್ದದ್ದನ್ನು ಆಚರಿಸುವ ರಾತ್ರಿಪೂಜೆ.

ಕಾರವಾರ ಅಮ್ಮನ ತವರು. ನನಗೆ ಜ್ಞಾನಸ್ನಾನ ಆಗಿದ್ದೂ ಅಲ್ಲೇ. ಆಗಿನ್ನೂ ತೊಟ್ಟಿಲ ಕೂಸು. "ವಿಶ್ವಾಸಿಸುತ್ತೀರಾ?" ಅಂತ ಫಾದರ್ ಕೇಳಿದ್ದಕ್ಕೆ ಅಪ್ಪ, ಅಮ್ಮ, ನನ್ನ ಪರವಾಗಿ ನಿಂತ ಜ್ಞಾನಪೋಷಕರು ಉತ್ತರ ಕೊಟ್ಟರು. ಮುಂದೆ ಆ ವಿಶ್ವಾಸವನ್ನು ಗಟ್ಟಿಮಾಡುವ ದೃಢೀಕರಣದ ದಿನ ಬಿಷಪ್ಪರು ಹಣೆಗೆ ತೈಲ ಹಚ್ಚಿದಾಗಲೂ ಎಲ್ಲರ ಜೊತೆ ಬಾಯಿಪಾಠ ಒಪ್ಪಿಸಿದ್ದೆ, ಅಷ್ಟೇ. ಪಾಸ್ಖ ಜಾಗರಣೆಯಲ್ಲಿ ಅದೇ ಪ್ರಶ್ನೆಯನ್ನು ಎಲ್ಲರಿಗೂ ಮತ್ತೆ ಕೇಳುತ್ತಾರೆ. ಈಗ ಆ ಉತ್ತರವನ್ನು ನಾನೇ, ತಿಳಿದು, ಅದೇ ಊರಲ್ಲಿ ಹೇಳಬೇಕು ಅನ್ನಿಸಿತ್ತು.

ಆದರೆ ಬಳೆ ಇತ್ತಲ್ಲ. ಅದು ಅಕ್ಕನಿಗೆ ಅಂತ ಅಮ್ಮ ಹೇಳಿ ಹೋಗಿದ್ದರು. ನಾನು ಕೊಡಲಿಲ್ಲ. ಆರು ವರ್ಷ ಮಾತೂ ಇರಲಿಲ್ಲ. ಈಸ್ಟರ್‌ಗೆ ಮುಂಚಿನ ಉಪವಾಸದ ತಪಸ್ಸು ಕಾಲದುದ್ದಕ್ಕೂ ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯ ನನ್ನ ಬೆನ್ನು ಬಿಡಲಿಲ್ಲ. ಕಾಣಿಕೆ ತಂದು ಬಲಿಪೀಠದ ಹತ್ತಿರ ನಿಂತಾಗ, ಒಡಹುಟ್ಟಿದವರಿಗೆ ನಿನ್ನ ಮೇಲೆ ಬೇಸರವಿದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಅನ್ನುತ್ತಾರೆ ಯೇಸು. ಆ 'ಮೊದಲು' ಅನ್ನುವ ಮಾತು ನೋಡಿ. ಪೂಜೆಗಿಂತ ಮೊದಲು!

ದೇವಿಮನೆ ಘಟ್ಟ ಇಳಿಯುತ್ತಿದ್ದ ಹಾಗೆ ಸೆಕೆ ಶುರುವಾಯಿತು. ಕುಮಟಾದಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನ ಅಂಕೋಲೆಯಲ್ಲಿ ಇಳಿದೆ. ಅಕ್ಕನ ಮನೆ ಬಾಗಿಲು ತೆರೆದೇ ಇತ್ತು.

"ದಾರಿ ತಪ್ಪಿ ಬಂದ್ಯಾ?" ಅಂದಳು.

ಬಳೆ ಅವಳ ಮುಂದಿಟ್ಟೆ. "ತಪ್ಪು ನಂದೇ ಅಕ್ಕ." ಇನ್ನೂ ಏನೇನೋ ಹೇಳಬೇಕು ಅಂತಿದ್ದೆ, ಗಂಟಲು ಬಿಗಿಯಿತು. ಅವಳು ಬಳೆ ಮುಟ್ಟಲಿಲ್ಲ. ಒಳಗೆ ಹೋಗಿ ಮುರುಗಲು ಪಾನಕ ಮಾಡಿ ತಂದಳು. ಸುಮ್ನೆ ಎದುರು ಕೂತಳು. "ಅಮ್ಮನ ಕೊನೇ ದಿನಗಳಲ್ಲಿ ನಿನಗೆ ನಾನು ಬೇಡವಾಗಿದ್ದೆ" ಅಂದಳು. ಅವಳಿಗೆ ಬಳೆಗಿಂತ ಜಾಸ್ತಿ ನೋವು ಕೊಟ್ಟಿದ್ದು ಅದು. ನನಗೆ ಗೊತ್ತೇ ಇರಲಿಲ್ಲ. ಕಾರವಾರಕ್ಕೆ ಬಾ ಅಂದೆ. ತಲೆಯಾಡಿಸಿ ಬೇಡ ಅಂದಳು.

ಕತ್ತಲಾದ ಮೇಲೆ ಚರ್ಚಿನ ಅಂಗಳದಲ್ಲಿ ಬೆಂಕಿ ಹಾಕಿದರು. ಎತ್ತರದ ಪಾಸ್ಖ ಮೇಣದಬತ್ತಿಯ ಮೇಲೆ ಫಾದರ್ ಶಿಲುಬೆ ಗುರುತು, ಆ ವರ್ಷದ ನಾಲ್ಕು ಅಂಕೆ ಬರೆದು, ಹೊಸ ಬೆಂಕಿಯಿಂದ ಹೊತ್ತಿಸಿದರು. ದೀಪ ಆರಿಸಿದ ಚರ್ಚಿನೊಳಗೆ ಆ ಒಂದೇ ಬೆಳಕು ಮುಂದೆ ಮುಂದೆ ಹೋಯಿತು. ಅದರಿಂದ ಒಬ್ಬರು, ಅವರಿಂದ ಇನ್ನೊಬ್ಬರು ಬತ್ತಿ ಹೊತ್ತಿಸಿಕೊಂಡೆವು. ನನಗೆ ಬೆಂಕಿ ಕೊಟ್ಟದ್ದು ಗುರುತಿಲ್ಲದ ಒಬ್ಬ ಅಜ್ಜಿ. 1976ರಲ್ಲಿ ಬೆಳಗಾವಿಯಿಂದ ಬೇರೆಯಾಗಿ ಕಾರವಾರ ಧರ್ಮಕ್ಷೇತ್ರ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ, ಆದಾಗ ತಾನು ಹೊಸ ಸೊಸೆ ಅಂತ ಆಮೇಲೆ ಹೇಳಿದರು.

ವಾಚನಗಳು ಮುಗಿದವು. ಜ್ಞಾನಸ್ನಾನದ ಆ ಪ್ರಶ್ನೆಗಳು ಬಂದವು. ಸೈತಾನನನ್ನು ತ್ಯಜಿಸುತ್ತೀರಾ? ಅವನ ಎಲ್ಲ ಕೆಲಸಗಳನ್ನು? ಇಲ್ಲಿ ನನಗೆ ಬಳೆ ಇಟ್ಟುಕೊಂಡಿದ್ದ ಬೀರುವಿನ ಆ ಡಬ್ಬಿ ಕಣ್ಣಮುಂದೆ ಬಂತು. ಸೈತಾನನ ಕೆಲಸ ಅಂದರೆ ಅಷ್ಟು ಚಿಕ್ಕದು, ಅಷ್ಟು ಮನೆಯೊಳಗಿನದು, ಅಲ್ವಾ? "ತ್ಯಜಿಸುತ್ತೇನೆ" ಅಂದೆ. ಸರ್ವಶಕ್ತ ಪಿತನಲ್ಲಿ, ಸತ್ತು ಎದ್ದ ಕ್ರಿಸ್ತರಲ್ಲಿ, ಪವಿತ್ರಾತ್ಮರಲ್ಲಿ ವಿಶ್ವಾಸಿಸುತ್ತೀರಾ? ಪಕ್ಕದಲ್ಲಿ ಅಜ್ಜಿ ಮೆಲ್ಲಗೆ ಕೊಂಕಣಿಯಲ್ಲಿ, "ಸತ್ ಮಾನ್ತಾಂ" ಅಂದರು, ಅಂದರೆ ವಿಶ್ವಾಸಿಸುತ್ತೇನೆ ಅಂತ. ಅಮ್ಮನೂ ಹಾಗೇ ಹೇಳುತ್ತಿದ್ದರು. ನಾನೂ ಅದನ್ನೇ ಹೇಳಿದೆ. ಮೇಣ ಕರಗಿ ಬೆರಳಿಗೆ ಬಿತ್ತು. ಪವಿತ್ರ ನೀರು ಮುಖಕ್ಕೆ ಸಿಡಿಯಿತು.

ಭಾನುವಾರ ಶಿರಸಿಗೆ ಟಿಕೆಟ್ ತೆಗೆಯಲಿಲ್ಲ. ಅಂಕೋಲೆಗೆ ತೆಗೆದೆ. ಬಳೆ ಇನ್ನೂ ಇಟ್ಟಲ್ಲೇ ಇತ್ತು. ಅಕ್ಕ ನನ್ನ ಕೈಯಿಂದ ಅರ್ಧ ಉರಿದ ಬತ್ತಿ ತಗೊಂಡು ಯೇಸುವಿನ ಪಟದ ಮುಂದೆ ನಿಲ್ಲಿಸಿದಳು. "ಕೈಕಾಲು ತೊಳ್ಕೊಂಡು ಬಾ" ಅಂದಳು. "ಅಮ್ಮನ ಕೊನೇ ದಿನಗಳ ಬಗ್ಗೆ ಎಲ್ಲ ಹೇಳಬೇಕು ನೀನು."