ಬಾಲಿಯಲ್ಲಿ ಒಂದು ದಿನಕ್ಕೆ ಎಷ್ಟು ಜಾಗ ನೋಡಬಹುದು?

ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ ಶುರುವಾದ ಮೇಲೆ ನನಗೆ ಬರುವ ಮೆಸೇಜ್‌ಗಳೂ ಜಾಸ್ತಿಯಾಗಿವೆ. ಪರಿಚಯದವರು, ಅವರ ಪರಿಚಯದವರು, ಅಕ್ಕನ ಆಫೀಸಿನವರು, ಎಲ್ಲರೂ ಕೇಳುವುದು ಒಂದೇ. "ಡ್ರೈವರ್ ಸಮೇತ ಕಾರು ಮಾಡ್ಕೊಂಡ್ರೆ ಒಂದು ದಿನದಲ್ಲಿ ಎಷ್ಟು ಜಾಗ ಕವರ್ ಮಾಡ್ಬಹುದು?" ಜೊತೆಗೆ ಒಂದು ಪಟ್ಟಿಯೂ ಇರುತ್ತದೆ. ಲೆಂಪುಯಾಂಗ್ ಬಾಗಿಲು, ಎರಡು ಜಲಪಾತ, ಉಯ್ಯಾಲೆ, ಕೋತಿಗಳ ಕಾಡು, ಗದ್ದೆ, ಸಂಜೆಗೆ ದಕ್ಷಿಣದ ತುದಿಯ ಉಲುವಾತು ದೇವಸ್ಥಾನ.

ಮೂರು ಜಾಗ. ಆ ಮೂರೂ ಒಂದೇ ದಿಕ್ಕಿನಲ್ಲಿರಬೇಕು. ಇಷ್ಟೇ ನನ್ನ ಉತ್ತರ. ಯಾಕೆ ಅಂತ ಕೇಳಿದವರಿಗೆ ಫೋನಿನಲ್ಲಿ ಅರ್ಧ ಗಂಟೆ ಹೇಳುತ್ತಿದ್ದೆ. ಈಗ ಒಂದೇ ಸಲ ಬರೆದುಬಿಡುತ್ತೇನೆ.

ಮೊದಲ ಸಲ ನಾವು ಐದು ಜನ ಗೆಳೆಯರು ಹೋಗಿದ್ದೆವು. ಒಂದೇ ದಿನಕ್ಕೆ ಏಳು ಜಾಗ ಇಟ್ಟುಕೊಂಡಿದ್ದೆವು. ಬೆಳಗಿನ ಜಾವ ಮೂರಕ್ಕೆ ಎದ್ದು ಪೂರ್ವದ ತುದಿಯ ಲೆಂಪುಯಾಂಗ್ ದೇವಸ್ಥಾನಕ್ಕೆ ಹೋದೆವು. ಅಲ್ಲಿ ಟೋಕನ್ ತಗೊಂಡು ಎರಡು ಗಂಟೆಗಿಂತ ಜಾಸ್ತಿ ಕಾದ ಮೇಲೆ ನಮ್ಮ ಸರದಿ ಬಂತು. ಫೋಟೊದಲ್ಲಿ ಬಾಗಿಲಿನ ಮುಂದೆ ಕೆರೆಯ ಹಾಗೆ ಕಾಣುವುದು ನೀರಲ್ಲ, ಫೋಟೊ ತೆಗೆಯುವವರು ಫೋನಿನ ಕೆಳಗೆ ಹಿಡಿಯುವ ಕನ್ನಡಿ. ಅದಾದ ಮೇಲೆ ತಿರ್ತಾ ಗಂಗಾ ಅರಮನೆಯ ಕೊಳಗಳು, ಜಲಪಾತ, ಕಾಫಿ ತೋಟ, ಉಯ್ಯಾಲೆ ಅಂತ ಒಂದಾದ ಮೇಲೊಂದು ಓಡಿದೆವು. ರಾತ್ರಿ ಒಂಬತ್ತಕ್ಕೆ ರೂಮಿಗೆ ಬಂದಾಗ ಯಾರಿಗೂ ಮಾತಾಡುವ ಶಕ್ತಿ ಇರಲಿಲ್ಲ. ಆ ದಿನದಲ್ಲಿ ನನಗೆ ಈಗಲೂ ಚೆನ್ನಾಗಿ ನೆನಪಿರುವುದು ಮುಂದಿನ ಸೀಟಿನ ಹಿಂಭಾಗ. ನೋಡಿದ ಒಂದು ದೇವಸ್ಥಾನದ ಹೆಸರೂ ಆಗ ನನ್ನ ತಲೆಯಲ್ಲಿ ಉಳಿದಿರಲಿಲ್ಲ, ಇದು ನನಗೆ ಬಹಳ ದಿನ ಕಾಡಿತು.

ತಪ್ಪಾದದ್ದು ಮ್ಯಾಪ್ ನೋಡಿ. ಬಾಲಿ ಸಣ್ಣ ದ್ವೀಪ, ನಮ್ಮ ಕೊಡಗಿನ ಒಂದೂವರೆ ಪಟ್ಟು ಕೂಡ ಇಲ್ಲ. ಆದರೆ ಅಷ್ಟರಲ್ಲಿ 40 ಲಕ್ಷಕ್ಕಿಂತ ಜಾಸ್ತಿ ಜನ ಇದ್ದಾರೆ, ರೈಲು ಇಲ್ಲ, ರಸ್ತೆಗಳು ಕಿರಿದು, ಸ್ಕೂಟರ್ ಲೆಕ್ಕವಿಲ್ಲದಷ್ಟು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ದ್ವೀಪದ ನಡುವೆ, ಉತ್ತರಕ್ಕೆ ಸರಿದ ಹಾಗೆ, ಅಗ್ನಿಪರ್ವತಗಳ ಸಾಲಿದೆ. ಅಲ್ಲಿಂದ ದಕ್ಷಿಣಕ್ಕೆ ಇಳಿಯುವ ನದಿಗಳು ಆಳವಾದ ಕಣಿವೆ ಕೊರೆದಿವೆ. ಹೀಗಾಗಿ ರಸ್ತೆಗಳೂ ಹೆಚ್ಚಾಗಿ ದಿಣ್ಣೆಗಳ ಮೇಲೆ ಮೇಲಿಂದ ಕೆಳಕ್ಕೆ ಹೋಗುತ್ತವೆ. ಒಂದು ಕಣಿವೆಯಿಂದ ಪಕ್ಕದ ಕಣಿವೆಗೆ ದಾಟಬೇಕಾದರೆ ಎಷ್ಟೋ ಕಡೆ ಕೆಳಗಿನ ತನಕ ಇಳಿದು, ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು, ಮತ್ತೆ ಹತ್ತಬೇಕು. ಮ್ಯಾಪಿನಲ್ಲಿ ಬೆರಳಿನಷ್ಟು ಕಾಣುವ ದೂರಕ್ಕೆ ಒಂದೂವರೆ ಗಂಟೆ ಆಗುವುದು ಇದಕ್ಕೇ. ಒಂದೇ ದಿಕ್ಕು ಹಿಡಿಯಿರಿ, ಸಾಧ್ಯವಾದರೆ ಒಂದೇ ನದಿ ಹಿಡಿಯಿರಿ ಅಂತ ನಾನು ಹೇಳುವುದೂ ಇದಕ್ಕೇ.

ಎರಡನೆಯ ಸಲ ಅಮ್ಮನ ಜೊತೆ ಹೋದೆ. ಅಮ್ಮನಿಗೆ 67, ಮಂಡಿ ನೋವು. ಈ ಸಲ ಉಬುದ್ ಅನ್ನುವ ಊರಿನಲ್ಲಿ ಉಳಿದುಕೊಂಡು ಪಕೆರಿಸನ್ ನದಿಯ ಕಣಿವೆ ಮತ್ತು ಅದರ ಅಕ್ಕಪಕ್ಕವನ್ನು ಹಿಡಿದೆವು.

ಕಾರಿನ ವಿಚಾರ ಮೊದಲು ಹೇಳಿಬಿಡುತ್ತೇನೆ. ಒಟ್ಟು ಹತ್ತು ಗಂಟೆಗಳ ಓಡಾಟಕ್ಕೆ ಕಾರು, ಪೆಟ್ರೋಲು, ಡ್ರೈವರ್ ಸೇರಿ ನಾನು ಕೊಟ್ಟದ್ದು 6,50,000 ರುಪಿಯಾ, ನಮ್ಮ ದುಡ್ಡಲ್ಲಿ ಮೂರೂವರೆ ಸಾವಿರ ರೂಪಾಯಿಯ ಆಸುಪಾಸು. ದೇವಸ್ಥಾನಗಳ ಟಿಕೆಟ್ ಬೇರೆ. ಆ್ಯಪ್‌ನಲ್ಲಿ ಆಗಾಗ ಕಾರು ಕರೆಸಿಕೊಂಡರೆ ಕಡಿಮೆಗೆ ಆಗಲ್ವಾ ಅಂತ ಕೇಳುತ್ತಾರೆ. ಹೋಗುವುದಕ್ಕೆ ಸಿಗುತ್ತದೆ, ಹಳ್ಳಿ ಕಡೆಯಿಂದ ವಾಪಸ್ ಬರುವುದಕ್ಕೆ ಸಿಗುವುದು ಕಷ್ಟ. ಕೆಲವು ಊರುಗಳಲ್ಲಿ ಅಲ್ಲಿಯ ಡ್ರೈವರ್‌ಗಳು ಆ್ಯಪ್ ಕಾರುಗಳು ಜನ ಹತ್ತಿಸಿಕೊಳ್ಳುವುದನ್ನು ಒಪ್ಪುವುದೂ ಇಲ್ಲ. ಅಪ್ಪ ಅಮ್ಮ ಜೊತೆಗಿದ್ದರೆ ಇಡೀ ದಿನದ ಕಾರೇ ಸರಿ.

ಹಿಂದಿನ ಸಂಜೆಯೇ ವಾಟ್ಸಾಪ್‌ನಲ್ಲಿ ಡ್ರೈವರ್‌ಗೆ ಮೂರು ಮಾತು ಬರೆದಿದ್ದೆ. ಮೂರೇ ಜಾಗ. ಬೆಳ್ಳಿ, ಬಟ್ಟೆ, ಕಾಫಿ, ಯಾವ ಅಂಗಡಿಗೂ ಬೇಡ. ಅಮ್ಮ ಎಲ್ಲಿ ಕೂರುತ್ತೇನೆ ಅನ್ನುತ್ತಾಳೋ ಅಲ್ಲಿ ಕೂರುತ್ತೇವೆ, ಅವಸರ ಇಲ್ಲ. ಆತ ಬರೆದ ಉತ್ತರ "ಪೆಲಾನ್-ಪೆಲಾನ್". ಇಂಡೊನೇಷ್ಯಾದ ಭಾಷೆಯಲ್ಲಿ ಹಾಗಂದರೆ ನಿಧಾನವಾಗಿ. ಅಂಗಡಿ ಬೇಡ ಅಂತ ಮೊದಲೇ ಹೇಳುವುದು ಇಬ್ಬರಿಗೂ ಒಳ್ಳೆಯದು. ಅಂಗಡಿಗಳಿಂದ ಡ್ರೈವರ್‌ಗಳಿಗೆ ಕಮಿಷನ್ ಬರುತ್ತದೆ, ಅದು ಅವರ ಸಂಪಾದನೆಯ ಒಂದು ಭಾಗ. ನಾವು ಬೇಡ ಅಂದ ಮೇಲೆ ಕೊನೆಗೆ ಕೈಗೆ ಸ್ವಲ್ಪ ಜಾಸ್ತಿ ಕೊಡುವುದು ನ್ಯಾಯ. ನಾನು ಒಂದು ಲಕ್ಷ ರುಪಿಯಾ ಸೇರಿಸಿ ಕೊಟ್ಟೆ.

ಅಲ್ಲಿ ನಮಗಿಂತ ದೊಡ್ಡ ಗಂಡಸರನ್ನು "ಬ್ಲಿ" ಅನ್ನುತ್ತಾರೆ, ಅಣ್ಣ ಅಂತ ಅರ್ಥ. ನಮ್ಮ ಡ್ರೈವರನ್ನು ನಾನೂ ಹಾಗೇ ಕರೆದೆ. ಬಾಲಿಯಲ್ಲಿ ಹುಟ್ಟಿದ ಕ್ರಮದ ಮೇಲೆ ಹೆಸರು. ಮೊದಲನೆಯ ಮಗು ವಯಾನ್, ಎರಡನೆಯದು ಮಾದೆ, ಮೂರನೆಯದು ನ್ಯೊಮಾನ್, ನಾಲ್ಕನೆಯದು ಕೆತುತ್. ಐದನೆಯದು ಹುಟ್ಟಿದರೆ ಮತ್ತೆ ವಯಾನ್. ಬ್ಲಿ ಇದನ್ನು ಹೇಳಿದಾಗ ಅಮ್ಮ ಹಿಂದಿನ ಸೀಟಿನಿಂದ "ಹಾಗಾದ್ರೆ ನಮ್ಮನೇಲಿ ನಾನು ಕೆತುತ್" ಅಂದಳು. ಅಲ್ಲಿಂದ ಅವರಿಬ್ಬರ ಮಾತು ನಿಲ್ಲಲಿಲ್ಲ. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ನಾಮ, ಗುರು, ಭಾಷಾ, ಭೂಮಿ, ರಸ ಇವೆಲ್ಲ ಅಲ್ಲೂ ಸ್ವಲ್ಪ ಉಚ್ಚಾರ ಬದಲಾಗಿ ಇವೆ. ಹೆಂಡತಿಗೆ ಇಸ್ತ್ರಿ, ಗಂಡನಿಗೆ ಸುಆಮಿ. ಸ್ತ್ರೀ, ಸ್ವಾಮಿ, ಅಷ್ಟೇ ಅಲ್ವಾ!

ಏಳೂವರೆಗೆ ಹೊರಟೆವು. ಮೊದಲು ಗುನುಂಗ್ ಕಾವಿ, ಯಾಕೆಂದರೆ ಅಲ್ಲಿ ಮುನ್ನೂರರ ಹತ್ತಿರ ಮೆಟ್ಟಿಲಿವೆ, ಬಿಸಿಲೇರುವ ಮುಂಚೆ ಮುಗಿಸಬೇಕು. 11ನೆಯ ಶತಮಾನದ ಜಾಗ. ಉದಯನ ಎಂಬ ರಾಜನ ಮನೆತನದವರ ನೆನಪಿಗೆ ಕಣಿವೆಯ ಬಂಡೆಯಲ್ಲೇ ಹತ್ತು ಗುಡಿಗಳ ಆಕಾರ ಕೆತ್ತಿದ್ದಾರೆ, ಒಂದೊಂದೂ ಸುಮಾರು 7 ಮೀಟರ್ ಎತ್ತರ. ಬಾದಾಮಿ ನೋಡಿದವರು ಒಳಗೆ ಹೋಗಬಹುದು ಅಂದುಕೊಳ್ಳುತ್ತಾರೆ. ಇವುಗಳಿಗೆ ಒಳಗೆ ಇಲ್ಲ, ಗೂಡಿನೊಳಗೆ ನಿಲ್ಲಿಸಿದ ಗೋಪುರದ ಹಾಗೆ ಮುಖ ಮಾತ್ರ. ಅಮ್ಮ ಅರ್ಧ ಇಳಿದು, ಗದ್ದೆ ಕಾಣುವ ಕಡೆ ಕೂತಳು. ಎಳನೀರು ಕುಡಿದಳು. ನಾನು ಕೆಳಗೆ ಹೋಗಿ ಸೇತುವೆ ದಾಟಿ ಒಂದು ಗಂಟೆ ಇದ್ದು ಬಂದೆ. ಯಾರೂ ಗಡಿಯಾರ ನೋಡಲಿಲ್ಲ. ಬಸ್ಸಿನ ಟೂರ್ ಆಗಿದ್ದರೆ ಅಮ್ಮನನ್ನು ಮೇಲೇ ಬಿಟ್ಟು ಹೋಗಬೇಕಿತ್ತು, ಇಲ್ಲಾಂದ್ರೆ ನಾನು ಇಳಿಯುವುದನ್ನೇ ಬಿಡಬೇಕಿತ್ತು.

ಅಲ್ಲಿಂದ ತಿರ್ತಾ ಎಂಪುಲ್‌ಗೆ ಕಾರಿನಲ್ಲಿ ಹತ್ತು ನಿಮಿಷ ಕೂಡ ಬೇಡ. ತಿರ್ತಾ ಅಂದರೆ ತೀರ್ಥ. ಹೆಸರು ಕೇಳಿದ ಕೂಡಲೇ ಅಮ್ಮನ ಮುಖ ಬೇರೆಯಾಯಿತು. ಕ್ರಿ.ಶ. 962ರಿಂದ ಇರುವ ಕ್ಷೇತ್ರ ಅನ್ನುತ್ತಾರೆ. ಹಿಂಭಾಗದ ಕೊಳದಲ್ಲಿ ಕಪ್ಪು ಮರಳಿನ ಅಡಿಯಿಂದ ನೀರು ಉಕ್ಕುವುದು ಕಣ್ಣಿಗೆ ಕಾಣುತ್ತದೆ, ಮರಳು ಹೊಗೆಯ ಹಾಗೆ ಏಳುತ್ತಿರುತ್ತದೆ. ಅದೇ ನೀರು ಮುಂದಿನ ಕೊಳಗಳಿಗೆ ಕಲ್ಲಿನ ಬಾಯಿಗಳಿಂದ ಬೀಳುತ್ತದೆ. ಜನ ಸೊಂಟದ ಮಟ್ಟದ ನೀರಿನಲ್ಲಿ ಸಾಲಾಗಿ ನಿಂತು ಒಂದೊಂದೇ ಧಾರೆಗೆ ಕೈಮುಗಿದು ತಲೆಯೊಡ್ಡುತ್ತಾರೆ. ಇದಕ್ಕೆ ಮೆಲುಕತ್ ಅಂತ ಹೆಸರು. ಎರಡು ಧಾರೆಗಳು ತೀರಿಕೊಂಡವರ ಕಾರ್ಯಕ್ಕೆ ಮೀಸಲು, ಅಲ್ಲಿ ನಿಲ್ಲಬಾರದು. ಇದನ್ನು ಬ್ಲಿ ಹೇಳದಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲ. ಎಲ್ಲ ದೇವಸ್ಥಾನಗಳಲ್ಲೂ ಸರೊಂಗ್ ಅಂದರೆ ಲುಂಗಿಯಂಥ ಬಟ್ಟೆ ಉಡಬೇಕು, ಅಲ್ಲೇ ಕೊಡುತ್ತಾರೆ. ನೀರಿಗಿಳಿಯುವವರಿಗೆ ಬೇರೆ ಸರೊಂಗ್. ಮುಟ್ಟಾದ ಹೆಣ್ಣುಮಕ್ಕಳು ಒಳಗೆ ಬರಬಾರದು ಅಂತ ಬೋರ್ಡ್ ಇರುತ್ತದೆ, ದಿನ ಗೊತ್ತುಮಾಡುವಾಗ ಇದು ತಿಳಿದಿರಲಿ.

ಅಮ್ಮ ನೀರಿಗಿಳಿಯಲಿಲ್ಲ. ಕಟ್ಟೆಯ ಮೇಲೆ ಕೂತು ನೋಡಿದಳು. ಅಜ್ಜಿಯೊಬ್ಬಳು ತೆಂಗಿನಗರಿಯ ಸಣ್ಣ ತಟ್ಟೆಗಳಲ್ಲಿ ಹೂವಿಟ್ಟು, ಊದುಬತ್ತಿ ಹಚ್ಚಿ ಇಡುತ್ತಾ ಬಂದಳು. ಅದು ಚನಂಗ್ ಸಾರಿ, ಪ್ರತಿದಿನದ ಪೂಜೆ. ಅಮ್ಮ ಎದ್ದು ಹೋಗಿ ಪಕ್ಕದಲ್ಲಿ ಕೂತಳು. ಆಕೆ ಏನೂ ಕೇಳದೆ ಹೂವು ಜೋಡಿಸುವುದನ್ನು ತೋರಿಸಿಕೊಟ್ಟಳು. ಇಬ್ಬರ ಮಧ್ಯೆ ಒಂದು ಭಾಷೆಯೂ ಇರಲಿಲ್ಲ. ಅಲ್ಲಿ ನಾವು ಎರಡೂವರೆ ಗಂಟೆ ಇದ್ದೆವು. ಅಷ್ಟರಲ್ಲಿ ಎಷ್ಟು ಗುಂಪು ಬಂದು ಫೋಟೊ ತೆಗೆದುಕೊಂಡು ಹೋಯಿತೋ ಲೆಕ್ಕ ಇಡಲಿಲ್ಲ. ಕಾರಿಗೆ ಕೊಟ್ಟ ದುಡ್ಡೆಲ್ಲ ಆ ಎರಡೂವರೆ ಗಂಟೆಗೇ ಕೊಟ್ಟದ್ದು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಊಟದ ಬಗ್ಗೆ. ಸಸ್ಯಾಹಾರಿಗಳು ಹೆದರಬೇಕಿಲ್ಲ, ತೆಂಪೆ (ಹುದುಗಿಸಿದ ಸೋಯಾ), ತಾಹು (ತೋಫು), ಗಾಡೊ-ಗಾಡೊ (ಕಡಲೆಕಾಯಿ ಸಾಸ್ ಹಾಕಿದ ತರಕಾರಿ) ಎಲ್ಲ ಕಡೆ ಇವೆ. ಆದರೆ ಸಂಬಲ್ ಚಟ್ನಿಯಲ್ಲಿ ತೆರಾಸಿ ಅಂತ ಸಿಗಡಿಯ ಪೇಸ್ಟ್ ಹಾಕಿರುತ್ತಾರೆ, ಹಪ್ಪಳದಲ್ಲೂ ಸಿಗಡಿ ಇರಬಹುದು. ಬರೀ "ವೆಜಿಟೇರಿಯನ್" ಅಂದರೆ ಸಾಲದು. "ತನ್ಪಾ ತೆರಾಸಿ", ಅಂದರೆ ತೆರಾಸಿ ಇಲ್ಲದೆ, ಅಂತ ಬಿಡಿಸಿ ಹೇಳಿ. ಡ್ರೈವರ್‌ಗೆ ಮೊದಲೇ ತಿಳಿಸಿದ್ದರೆ ಅವರೇ ಅಡುಗೆಯವರ ಹತ್ತಿರ ಹೋಗಿ ಹೇಳುತ್ತಾರೆ.

ಊಟಕ್ಕೆ ಹೋಗುವಾಗ ರಸ್ತೆ ನಿಂತುಹೋಯಿತು. ಮೆರವಣಿಗೆ. ಬಿಳಿ ಬಟ್ಟೆ ಉಟ್ಟ ಹೆಂಗಸರು ತಲೆಯ ಮೇಲೆ ಹಣ್ಣಿನ ಗೋಪುರ ಹೊತ್ತು ನಡೆಯುತ್ತಿದ್ದರು, ಹಿಂದೆ ತಾಳ, ಜಾಗಟೆ. ಬ್ಲಿ ಇಂಜಿನ್ ಆರಿಸಿ ಕಾರಿನ ಬಾಗಿಲು ತೆಗೆದ. ಇಪ್ಪತ್ತು ನಿಮಿಷ ನಿಂತು ನೋಡಿದೆವು. ನಮಗೆ ಮುಂದೆ ನಾಲ್ಕು ಜಾಗ ಬಾಕಿ ಇದ್ದಿದ್ದರೆ ಅದೇ ಇಪ್ಪತ್ತು ನಿಮಿಷ ಟ್ರಾಫಿಕ್ ಜಾಮ್ ಆಗುತ್ತಿತ್ತು.

ಮೂರನೆಯದು ತೆಗಲ್ಲಾಲಂಗ್‌ನ ಗದ್ದೆಗಳು. ಇದು ಪಕೆರಿಸನ್ ಕಣಿವೆಯಲ್ಲಿಲ್ಲ, ಆದರೆ ಹತ್ತಿರವೇ. ಇಲ್ಲಿ ಉಯ್ಯಾಲೆ, ಕೆಫೆ ಬಹಳ ಆಗಿವೆ. ರಸ್ತೆ ಬದಿಯ ಕಟ್ಟೆಯಿಂದ ನೋಡಿ ವಾಪಸ್ ಬರುವವರೇ ಜಾಸ್ತಿ. ಸ್ವಲ್ಪ ಒಳಗೆ ಬದುವಿನ ಮೇಲೆ ನಡೆದರೆ ಗದ್ದೆ ಗದ್ದೆಯ ಹಾಗೆ ಕಾಣುತ್ತದೆ. ನಾವು ಸುಮ್ನೆ ಕೂತದ್ದು ಅಲ್ಲಿ. ನೀರು ಒಂದು ಮಡಿಯಿಂದ ಇನ್ನೊಂದಕ್ಕೆ ಇಳಿಯುವ ಶಬ್ದ, ಮೇಲಿನಿಂದ ಕೆಳಗಿನ ತನಕ. ಈ ನೀರು ಹಂಚುವ ವ್ಯವಸ್ಥೆಗೆ ಸುಬಕ್ ಅನ್ನುತ್ತಾರೆ. ಒಂದೇ ಕಾಲುವೆಯ ರೈತರೆಲ್ಲ ಸೇರಿದ ಸಂಘ ಅದು. ಯಾವಾಗ ನಾಟಿ, ಯಾವಾಗ ಗದ್ದೆ ಖಾಲಿ ಬಿಡಬೇಕು ಅನ್ನುವುದನ್ನು ನೀರಿನ ದೇವಸ್ಥಾನಗಳಲ್ಲಿ ಸೇರಿ ತೀರ್ಮಾನಿಸುತ್ತಾರೆ. ತಿರ್ತಾ ಎಂಪುಲ್‌ನಲ್ಲಿ ಕಂಡ ಆ ಬುಗ್ಗೆಯ ನೀರೂ ಪಕೆರಿಸನ್ ಸೇರಿ ಆ ಕಣಿವೆಯ ಕೆಳಗಿನ ಗದ್ದೆಗಳಿಗೆ ಹೋಗುತ್ತದೆ. 2012ರಲ್ಲಿ ಯುನೆಸ್ಕೊ ಪಟ್ಟಿಗೆ ಸುಬಕ್ ಸೇರಿದಾಗ ಆ ಪಕೆರಿಸನ್ ಕಣಿವೆಯೂ ಅದರಲ್ಲಿತ್ತು. 1970ರ ದಶಕದಲ್ಲಿ ಸರ್ಕಾರ ವರ್ಷವಿಡೀ ಭತ್ತ ಬೆಳೆಯಿರಿ ಅಂತ ಒತ್ತಾಯ ಮಾಡಿ ಈ ಲೆಕ್ಕವನ್ನು ಕೆಡಿಸಿತು. ಗದ್ದೆ ಖಾಲಿ ಇರುವ ಸಮಯವೇ ಇಲ್ಲದೆ ಕೀಟ ವಿಪರೀತ ಆಯಿತು, ನೀರಿಗೂ ಜಗಳ. ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಮುಂದೆ ಕಂಪ್ಯೂಟರ್ ಲೆಕ್ಕದಿಂದ ತೋರಿಸಿದರು, ದೇವಸ್ಥಾನಗಳ ಹಳೆಯ ಕ್ರಮವೇ ನೀರಿಗೂ ಕೀಟಕ್ಕೂ ಸರಿಯಾಗಿತ್ತು ಅಂತ. ಇದನ್ನೆಲ್ಲ ಅಮ್ಮನಿಗೆ ಹೇಳುತ್ತಿದ್ದಾಗ "ನಮ್ಮೂರಿನ ನೀರುಗಂಟಿ ಇದ್ದನಲ್ಲ, ಹಾಗೆ" ಅಂದಳು. ಅವಳ ತವರಿನ ಕೆರೆಗೆ ನೀರುಗಂಟಿ ಇದ್ದ, ತೂಬು ಎತ್ತುವವನು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಅವನೇ ನೋಡುತ್ತಿದ್ದ. ಆ ಕೆರೆ ಈಗ ಇಲ್ಲ. ಆಮೇಲೆ ಅಮ್ಮ ಸಂಜೆ ತನಕ ಅವಳ ಊರಿನ ಮಾತೇ ಆಡಿದಳು, ನಾನು ಯಾವತ್ತೂ ಕೇಳಿರದ ಮಾತುಗಳು.

ಐದೂವರೆಗೆ ರೂಮಿನಲ್ಲಿದ್ದೆವು.

ಕಾಫಿ ತೋಟದ ಪ್ರಶ್ನೆಯೂ ಬರುತ್ತದೆ. ಹತ್ತು ಬಗೆಯ ಚಹಾ, ಕಾಫಿ ಪುಕ್ಕಟೆ ರುಚಿಗೆ ಕೊಟ್ಟು, ಪುನುಗು ಬೆಕ್ಕು ತಿಂದ ಹಣ್ಣಿನ ಬೀಜದಿಂದ ಮಾಡುವ ಲುವಾಕ್ ಕಾಫಿ ಮಾರುತ್ತಾರೆ. ನಾನು ಹೋದ ಕಡೆ ಬೆಕ್ಕುಗಳನ್ನು ಸಣ್ಣ ಬೋನಿನಲ್ಲಿ ಇಟ್ಟಿದ್ದರು, ಹಗಲು ಮಲಗುವ ಪ್ರಾಣಿಯನ್ನು ಜನ ತಟ್ಟಿ ಎಬ್ಬಿಸುತ್ತಿದ್ದರು. ದಯವಿಟ್ಟು ಅದಕ್ಕೆ ದುಡ್ಡು ಕೊಡಬೇಡಿ.

ಉಲುವಾತು ಬಿಡಲಾಗದವರು ಅದಕ್ಕೆ ಇನ್ನೊಂದು ದಿನ ಇಡಿ, ಮಧ್ಯಾಹ್ನ ಮೂರಕ್ಕೆ ದಕ್ಷಿಣಕ್ಕೆ ಹೊರಡಿ. ಅಲ್ಲಿ ಸಂಜೆ ನಡೆಯುವ ಕೆಚಕ್ ನೃತ್ಯದಲ್ಲಿ ವಾದ್ಯವೇ ಇಲ್ಲ, ಗಂಡಸರ "ಚಕ್ ಚಕ್" ದನಿಯಲ್ಲೇ ರಾಮಾಯಣ ನಡೆಯುತ್ತದೆ. ಕನ್ನಡಕ ಜೇಬಿನಲ್ಲಿಡಿ, ಕೋತಿಗಳು ಕಿತ್ತುಕೊಳ್ಳುತ್ತವೆ. ಮೆಟ್ಟಿಲೇ ಆಗದವರು ಗುನುಂಗ್ ಕಾವಿ ಬಿಟ್ಟು ತಿರ್ತಾ ಎಂಪುಲ್ ಮತ್ತು ಗದ್ದೆ ಎರಡೇ ಇಟ್ಟುಕೊಂಡರೂ ದಿನ ತುಂಬುತ್ತದೆ.

ಕೊನೆಗೆ, ಯುಗಾದಿ ರಜೆಗೆ ಹೋಗುವವರು ಕ್ಯಾಲೆಂಡರ್ ನೋಡಿ. ಬಾಲಿಯವರದೂ ಶಕ ವರ್ಷವೇ. ಅವರ ಹೊಸ ವರ್ಷ ನ್ಯೆಪಿ, 2025ರಲ್ಲಿ ಮಾರ್ಚ್ 29ಕ್ಕೆ ಬಂತು, ನಮ್ಮ ಯುಗಾದಿ 30ಕ್ಕೆ. 2026ರಲ್ಲಿ ಎರಡೂ ಮಾರ್ಚ್ 19ಕ್ಕೇ. ಆ ದಿನ ಇಡೀ ದ್ವೀಪ ಮೌನ. ವಿಮಾನ ನಿಲ್ದಾಣವೂ 24 ಗಂಟೆ ಮುಚ್ಚಿರುತ್ತದೆ, ರಸ್ತೆಗೆ ಯಾರೂ ಇಳಿಯುವಂತಿಲ್ಲ, ಪ್ರವಾಸಿಗಳೂ ಹೋಟೆಲ್ ಒಳಗೇ ಇರಬೇಕು. ಹಿಂದಿನ ಸಂಜೆ ಓಗೊ-ಓಗೊ ಅನ್ನುವ ದೊಡ್ಡ ದೊಡ್ಡ ರಾಕ್ಷಸ ಬೊಂಬೆಗಳ ಮೆರವಣಿಗೆ ನೋಡಿ, ಮರುದಿನ ದೀಪ ಆರಿಸಿದ ದ್ವೀಪದ ಮೇಲೆ ನಕ್ಷತ್ರ ನೋಡಿ, ಕಾರನ್ನು ಅದರ ಮಾರನೆಯ ದಿನಕ್ಕೆ ಹೇಳಿ.