ಬಾಟಿಸ್ಟುಟಾ ಸಾಲು: ಫಿಯೊರೆಂಟಿನಾದ ನೇರಳೆ ಕೊನೆಗೂ ಹಿಡಿತಕ್ಕೆ ಬಂದಿದೆ

ಅರ್ಜೆಂಟೀನಾದ ಫುಟ್‌ಬಾಲ್ ಆಟಗಾರ ಗೇಬ್ರಿಯಲ್ ಬಾಟಿಸ್ಟುಟಾ ಅವರ ವೃತ್ತಿಜೀವನವನ್ನು 54 ಮಿಲಿಮೀಟರ್ ಬೊಂಬೆಗಳ ಸಾಲಾಗಿ ನಿಲ್ಲಿಸುವ ಕೆಲಸದಲ್ಲಿ ಬಹಳ ಕಾಲದಿಂದ ಕಾಡುತ್ತಿದ್ದ ತೊಡಕೊಂದು ಈ ವಾರ ಬಗೆಹರಿಯಿತು. ನ್ಯೂವೆಲ್ಸ್ ಓಲ್ಡ್ ಬಾಯ್ಸ್ ತಂಡದ ಕೆಂಪು-ಕಪ್ಪು, ರಿವರ್ ಪ್ಲೇಟ್‌ನ ಓರೆ ಪಟ್ಟಿ, ಬೋಕಾ ಜೂನಿಯರ್ಸ್‌ನ ನೀಲಿ-ಹಳದಿ ಎಲ್ಲವೂ ಮುಗಿದಿವೆ. ಮಾಸ್ಕಿಂಗ್ ಟೇಪ್ ಬಳಸಿ ಅಭ್ಯಾಸವಿರುವವರಿಗೆ ಅವುಗಳ ಬಗ್ಗೆ ಹೇಳಬೇಕಾದ್ದೇನೂ ಇಲ್ಲ. ಉದ್ದ ಕೂದಲನ್ನು ಎಂದಿನಂತೆ ಎಮ್‌ಸೀಲ್‌ನಲ್ಲಿಯೇ ತಿದ್ದಿದ್ದೇನೆ.

ತೊಡಕು ಇದ್ದದ್ದು 1991ರಿಂದ 2000ದವರೆಗೆ ಅವರು ತೊಟ್ಟ, ಇಟಲಿಯ ಫಿಯೊರೆಂಟಿನಾ ತಂಡದ ನೇರಳೆ ಅಂಗಿಯಲ್ಲಿ. ಬೋಕಾದ ಕಡುನೀಲಿ ಎಡಕ್ಕೆ, ಮುಂದೆ ಬರಬೇಕಾದ ಇಂಟರ್ ಮಿಲಾನ್‌ನ ನೀಲಿ ಬಲಕ್ಕೆ ಇರುವಾಗ, ನಡುವಿನ ಫಿಯೊರೆಂಟಿನಾ ಬೊಂಬೆಯೂ ಕೋಣೆಯ ಎಲ್‌ಇಡಿ ಬೆಳಕಿನಲ್ಲಿ ನೀಲಿಯಾಗಿಯೇ ಕಾಣುತ್ತಿತ್ತು. ತಂಡ 1993ರಲ್ಲಿ ಎರಡನೆಯ ದರ್ಜೆಗೆ ಕುಸಿದಾಗಲೂ ಬಿಟ್ಟುಹೋಗದೆ, ಅಲ್ಲಿ 16 ಗೋಲು ಹೊಡೆದು ಮೇಲಕ್ಕೆ ತರಲು ನೆರವಾಗಿ, ಮರಳಿದ 1994–95ರ ಋತುವಿನಲ್ಲಿ ಮೊದಲ 11 ಪಂದ್ಯಗಳಲ್ಲೂ ಗೋಲು ಗಳಿಸಿ ಒಟ್ಟು 26 ಗೋಲುಗಳೊಂದಿಗೆ ಲೀಗಿನ ಅಗ್ರ ಸ್ಕೋರರ್ ಆದ ಆಟಗಾರನನ್ನು ಬೋಕಾದ ಮೀಸಲು ಆಟಗಾರನಂತೆ ನಿಲ್ಲಿಸುವುದು ನನ್ನಿಂದಾಗಲಿಲ್ಲ.

ಬಾಟಲಿಯಲ್ಲಿ ಬರುವ ನೇರಳೆಗಳಲ್ಲಿ ಬಹಳಷ್ಟು ಡಯಾಕ್ಸಜೀನ್ ವರ್ಣದ್ರವ್ಯದಿಂದ ಆದವು. ಅದು ಪಾರದರ್ಶಕ, ತೆಳುವಾಗಿ ಹಚ್ಚಿದರೆ ಕೆಳಗಿನ ಪ್ರೈಮರ್ (ಮೊದಲು ಹಚ್ಚುವ ತಳಪದರ) ಇಣುಕುತ್ತದೆ, ದಪ್ಪವಾಗಿ ಹಚ್ಚಿದರೆ ಕಪ್ಪಾಗುತ್ತದೆ. ಅಗ್ಗದ ಎಲ್‌ಇಡಿಯಲ್ಲಿ ನೀಲಿಯ ಪಾಲು ಹೆಚ್ಚು, ಗಾಢ ಕೆಂಪಿನ ಪಾಲು ಕಡಿಮೆಯಾದ್ದರಿಂದ, ಕಿಟಕಿಯ ಪಕ್ಕದಲ್ಲಿ ಸರಿಯೆನಿಸಿದ ನೇರಳೆ ಕಪಾಟಿಗೆ ಬಂದ ಕೂಡಲೇ ತನ್ನ ಕೆಂಪನ್ನು ಕಳೆದುಕೊಳ್ಳುತ್ತದೆ. ಬಣ್ಣ ಮಾರುವವರದು ಇನ್ನೊಂದು ಕಥೆ: ಒಂದೇ ಸಂಖ್ಯೆಯ ಬಾಟಲಿ ಎರಡನೆಯ ಸಲ ತರಿಸಿದಾಗ ಬೇರೆಯೇ ಛಾಯೆ ಬಂತು, ಅದೂ ತಳದಲ್ಲಿ ಕಾಕಂಬಿಯಂತೆ ಗಟ್ಟಿಯಾಗಿ. ದೂರಿದರೆ "ಚೆನ್ನಾಗಿ ಅಲುಗಾಡಿಸಿ ಸರ್" ಎಂಬ ಉತ್ತರ. ತೋಳು ನೋಯುವಷ್ಟು ಅಲುಗಾಡಿಸಿದ ಮೇಲೆ ಹೊರಬಂದದ್ದು ಬದನೆಕಾಯಿ ಬಣ್ಣ.

ಪರಿಹಾರ ಸಿಕ್ಕಿದ್ದು ಮೇಲಿನ ಬಣ್ಣದಲ್ಲಲ್ಲ, ಕೆಳಗಿನದರಲ್ಲಿ. ಬಿಳಿ ಪ್ರೈಮರ್ ಮೇಲೆ ಮಜೆಂಟಾಗೆ ಬಿಳಿ ಬೆರೆಸಿದ ಅಪಾರದರ್ಶಕ ಗುಲಾಬಿಯನ್ನು ಪೂರ್ತಿ ಹಚ್ಚಿ, ಚೆನ್ನಾಗಿ ಒಣಗಿದ ಬಳಿಕ ಅದೇ ಡಯಾಕ್ಸಜೀನ್ ನೇರಳೆಯನ್ನು ಮೀಡಿಯಂನಲ್ಲಿ, ಅಂದರೆ ಬಣ್ಣವನ್ನು ತೆಳುವಾಗಿಸುವ ವರ್ಣರಹಿತ ದ್ರವದಲ್ಲಿ, ಕಲಸಿ ತೆಳ್ಳಗೆ ಪದರ ಪದರವಾಗಿ ಕೊಟ್ಟೆ. ಬ್ರಷ್ಷನ್ನು ಒಂದೇ ದಿಕ್ಕಿನಲ್ಲಿ, ಭುಜದಿಂದ ಸೊಂಟದ ಕಡೆಗೆ ಎಳೆಯಬೇಕು. ಅರೆ ಒಣಗಿದ ಜಾಗವನ್ನು ಮತ್ತೆ ಮುಟ್ಟಿದರೆ ಗುಲಾಬಿ ಕಲೆ ಎದ್ದು ಬರುತ್ತದೆ. ಕಂಕುಳಿನ ಮಡಿಕೆಗಳಲ್ಲಿ ನೇರಳೆ ತಾನಾಗಿ ನಿಂತು ನೆರಳಾಗುವುದರಿಂದ ನೆರಳಿಗೆಂದು ಬೇರೆ ನೀರುಬಣ್ಣದ ವಾಶ್ ಬೇಡವಾಯಿತು. ಎಲ್‌ಇಡಿಯ ಕೆಳಗೆ, ಬೋಕಾದ ಪಕ್ಕದಲ್ಲೇ, ಅದೀಗ ಸ್ಪಷ್ಟವಾಗಿ ನೇರಳೆ.

ಎದೆಯ ಮೇಲಿನ, ಪ್ರಾಯೋಜಕ ಕಂಪನಿ ನಿಂಟೆಂಡೊ ಹೆಸರಿನ ಬಿಳಿ ಅಕ್ಷರಗಳು ಮಾತ್ರ ಬಾಕಿ. ಮನೆಯ ಪ್ರಿಂಟರ್ ಬಿಳಿ ಮುದ್ರಿಸುವುದಿಲ್ಲ. ಬಿಳಿ ಡೀಕಾಲ್ (ಬೊಂಬೆಗೆ ಅಂಟಿಸುವ ಮುದ್ರಿತ ಚಿತ್ರ) ಹಾಳೆಯ ಮೇಲೆ ಸುತ್ತಲಿನ ನೇರಳೆಯನ್ನು ಮುದ್ರಿಸೋಣವೆಂದರೆ ಇಷ್ಟು ಕಷ್ಟಪಟ್ಟು ತಂದ ಬಣ್ಣಕ್ಕೆ ಅದು ಜನ್ಮದಲ್ಲಿ ಹೊಂದದು.

ಮುಂದಿನದು 2000ದಲ್ಲಿ ಅವರು ಸೇರಿದ ರೋಮಾ. ಆ ತಂಡಕ್ಕೆ 2001ರ ಇಟಲಿ ಲೀಗ್ ಪ್ರಶಸ್ತಿ ಖಚಿತವಾದ, ಪಾರ್ಮಾ ವಿರುದ್ಧದ ಪಂದ್ಯದಲ್ಲೂ ಅವರ ಗೋಲಿತ್ತು, ಆದರೆ ನಾನು ಆರಿಸಿಕೊಂಡಿರುವುದು 2000ದ ನವೆಂಬರ್‌ನಲ್ಲಿ ತಮ್ಮ ಹಳೆಯ ಫಿಯೊರೆಂಟಿನಾದ ವಿರುದ್ಧವೇ ಗೋಲು ಹೊಡೆದು ಕಣ್ಣೀರಿಟ್ಟ ಗಳಿಗೆ. ಸಂಭ್ರಮಿಸುವ ಬೊಂಬೆಗೆ ಕೈಗಳನ್ನೆತ್ತಿದರಾಯಿತು. ಸಂಭ್ರಮಿಸದವನ ಭುಜಗಳನ್ನು ಎಷ್ಟು ಇಳಿಸಬೇಕೆಂಬುದಕ್ಕೆ ತಂತಿಯ ಅಸ್ಥಿಪಂಜರವನ್ನು ಮೊದಲಿನಿಂದಲೇ ಬಗ್ಗಿಸಬೇಕಾಗಿದೆ.

ಇಂಟರ್‌ನ ಪಟ್ಟೆಗಳನ್ನು ಅಳೆಯುವಾಗ ಇನ್ನೊಂದು ಹುಚ್ಚು ಹೊಳೆದಿದೆ: ಅದೇ ತಂಡದ ಬೇರೊಬ್ಬ ಆಟಗಾರನ ಬೊಂಬೆ. ಬ್ರೆಜಿಲ್‌ನ ರೊನಾಲ್ಡೊಗೆ 9ನೆಯ ಸಂಖ್ಯೆ ಬಿಟ್ಟುಕೊಟ್ಟು 18ನ್ನು ತೊಟ್ಟ ಚಿಲಿಯ ಇವಾನ್ ಸಮೊರಾನೊ, 1 ಮತ್ತು 8ರ ನಡುವೆ ಸಣ್ಣದೊಂದು ಕೂಡಿಸುವ ಚಿಹ್ನೆ ಹಾಕಿಸಿಕೊಂಡು 9ನ್ನು ಉಳಿಸಿಕೊಂಡಿದ್ದರು. ಈ ಅಳತೆಯಲ್ಲಿ ಆ ಚಿಹ್ನೆ ಒಂದು ಮಿಲಿಮೀಟರ್ ಕೂಡ ಬರುವುದಿಲ್ಲ, ಅದೂ ಬಿಳಿಯೇ ಆಗಿರಬೇಕು. ಹಾಗಾಗಿ ಬಿಳಿ ಡೀಕಾಲನ್ನು ಸಣ್ಣ ಪ್ರಮಾಣದಲ್ಲಿ ಮುದ್ರಿಸಿಕೊಡುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ, ಎರಡೂ ಬೊಂಬೆಗಳಿಗೆ ಒಟ್ಟಿಗೇ ಮಾಡಿಸುತ್ತೇನೆ.