ಪೇಟೆಬೀದಿಯನ್ನು ಮತ್ತೆ ಎಬ್ಬಿಸುವ ಕೆಲಸ

ನಗರದ ನಡುಭಾಗದ ಹಳೆಯ ಪೇಟೆಗಳಲ್ಲಿ ವ್ಯಾಪಾರವನ್ನು ಮತ್ತೆ ಚಿಗುರಿಸುವ ಯೋಜನೆಗಳಿಗಾಗಿ ವರ್ತಕರ ಸಂಘಗಳು ಮತ್ತು ಕಟ್ಟಡಗಳ ಮಾಲೀಕರ ನಡುವೆ ಓಡಾಡುವುದು ನನ್ನ ಕೆಲಸ. ಅಂಗಡಿಗಳು ಏಕೆ ಸೊರಗುತ್ತಿವೆ ಎಂದು ಕೇಳಿದರೆ ವರ್ತಕರು ಮೊದಲು ಮಾಲ್‌ಗಳನ್ನು, ಆಮೇಲೆ ಆನ್‌ಲೈನ್ ಮಾರಾಟವನ್ನು ದೂರುತ್ತಾರೆ. ಅದು ಸುಳ್ಳಲ್ಲ, ಆದರೆ ಮಾಲ್ ಗೆದ್ದದ್ದು ಹೇಗೆ ಎಂದು ಸರಿಯಾಗಿ ನೋಡಿದವರು ಕಡಿಮೆ.

ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್ ರೂಪಿಸಿದ ಸೌತ್‌ಡೇಲ್ ಸೆಂಟರ್ ಎಂಬ ಮಾಲ್ 1956ರಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ತೆರೆಯಿತು. ಅಲ್ಲಿನ ಹವಾನಿಯಂತ್ರಣ ಮತ್ತು ವಿಶಾಲವಾದ ಪಾರ್ಕಿಂಗ್ ಎಲ್ಲರ ಕಣ್ಣಿಗೆ ಬಿದ್ದವು. ನನ್ನ ದೃಷ್ಟಿಯಲ್ಲಿ ಮಾಲ್‌ನ ನಿಜವಾದ ಬಲ ಬೇರೆಯೇ ಇದೆ: ಯಾವ ಅಂಗಡಿಯ ಪಕ್ಕದಲ್ಲಿ ಯಾವ ಅಂಗಡಿ ಇರಬೇಕು, ಎಲ್ಲರೂ ಎಷ್ಟು ಗಂಟೆಗೆ ಬಾಗಿಲು ತೆರೆಯಬೇಕು, ದೊಡ್ಡ ಮಳಿಗೆಗಳನ್ನು ಎರಡು ತುದಿಗಳಲ್ಲಿಟ್ಟು ನಡುವಿನ ಸಣ್ಣ ಅಂಗಡಿಗಳ ಮುಂದೆ ಜನ ಹಾದುಹೋಗುವಂತೆ ಹೇಗೆ ಮಾಡಬೇಕು ಎಂಬುದನ್ನೆಲ್ಲ ಅಲ್ಲಿ ಒಂದೇ ಆಡಳಿತ ತೀರ್ಮಾನಿಸುತ್ತದೆ. ಪೇಟೆಬೀದಿಯಲ್ಲಾದರೋ ಒಂದೊಂದು ಕಟ್ಟಡಕ್ಕೂ ಒಬ್ಬೊಬ್ಬ ಮಾಲೀಕ; ಮೊದಲು ಮುಂಗಡ ಕೊಟ್ಟವನಿಗೆ ಮಳಿಗೆ.

ಇದರ ಪರಿಣಾಮ ಕಾಣಬೇಕೆಂದರೆ ಬೀದಿಯ ಒಂದು ಬದಿಯಲ್ಲಿ ನಿಂತು ನಡೆಯುವವರನ್ನು ಗಮನಿಸಿದರೆ ಸಾಕು. ಸಾಲಾಗಿ ತೆರೆದಿರುವ ಅಂಗಡಿಗಳ ಮುಂದೆ ಗಾಜಿನೊಳಗೆ ಇಣುಕುತ್ತಾ ನಿಧಾನವಾಗಿ ಬರುವವರು, ಮುಚ್ಚಿದ ಎರಡು ಷಟರ್‌ಗಳೂ ಅವುಗಳಾಚೆ ಉದ್ದನೆಯ ಖಾಲಿ ಗೋಡೆಯೂ ಎದುರಾದೊಡನೆ ಹೆಜ್ಜೆ ಬಿರುಸು ಮಾಡುತ್ತಾರೆ, ಇಲ್ಲವೇ ಅಲ್ಲಿಂದಲೇ ಹಿಂದಿರುಗುತ್ತಾರೆ. ಆ ಗೋಡೆಯಾಚೆ ಎಷ್ಟೇ ಒಳ್ಳೆಯ ಅಂಗಡಿಯಿದ್ದರೂ ಅಲ್ಲಿಗೆ ಗಿರಾಕಿ ತಲುಪುವುದಿಲ್ಲ. ಆದ್ದರಿಂದ ಇರುವ ಹಣವನ್ನು ಇಡೀ ಪೇಟೆಗೆ ಹಂಚುವ ಬದಲು ಒಂದು ಚಿಕ್ಕ ಭಾಗವನ್ನು ಆರಿಸಿಕೊಂಡು, ಅಲ್ಲಿ ಬಾಗಿಲ ಪಕ್ಕದಲ್ಲಿ ಬಾಗಿಲು ತೆರೆದಿರುವಂತೆ ಮಾಡುವುದೇ ಮೊದಲ ಕೆಲಸ. ಸಂಘದ ಸಭೆಯಲ್ಲಿ ಇದನ್ನು ಒಪ್ಪಿಸುವುದು ಮಾತ್ರ ಸುಲಭವಲ್ಲ. ಪ್ರತಿ ಬೀದಿಯ ಸದಸ್ಯರಿಗೂ ತಮ್ಮ ಪಾಲು ಬೇಕು. ಕೊನೆಗೆ ಎಲ್ಲ ಕಡೆ ನಾಲ್ಕು ದೀಪದ ಕಂಬ ನೆಟ್ಟು ಕೈತೊಳೆದುಕೊಳ್ಳುವ ಯೋಜನೆಗಳೇ ಹೆಚ್ಚು.

ಖಾಲಿ ಮಳಿಗೆಯ ಮಾಲೀಕ ಬಾಡಿಗೆ ಇಳಿಸಲು ಏಕೆ ಒಪ್ಪುವುದಿಲ್ಲ ಎಂಬುದು ಹೊರಗಿನವರಿಗೆ ಒಗಟಾಗಿ ತೋರಬಹುದು. ಬಾಡಿಗೆ ತಂದುಕೊಡುವ ಕಟ್ಟಡದ ಬೆಲೆಯನ್ನು ಬ್ಯಾಂಕು ಬಹುಮಟ್ಟಿಗೆ ಆ ಬಾಡಿಗೆಯ ಮೇಲೆಯೇ ಕಟ್ಟುತ್ತದೆ. ಒಂದು ಮಳಿಗೆಯನ್ನು ಕಡಿಮೆ ದರಕ್ಕೆ ಕೊಟ್ಟರೆ ಕಾಗದದ ಮೇಲಿನ ಬೆಲೆ ಕುಸಿದು, ಅದರ ಮೇಲೆ ತಂದ ಸಾಲಕ್ಕೇ ತೊಂದರೆಯಾಗಬಹುದು. ಅಂಥ ಮಾಲೀಕನಿಗೆ ಬಾಡಿಗೆ ಇಳಿಸಿ ಎಂದು ಉಪದೇಶಿಸಿ ಫಲವಿಲ್ಲ. ಕೆಲವು ತಿಂಗಳ ತಾತ್ಕಾಲಿಕ ಕರಾರು, ಮಾರಾಟದ ಶೇಕಡಾವಾರು ಬಾಡಿಗೆ, ಮೊದಲ ಕೆಲವು ತಿಂಗಳ ವಿನಾಯಿತಿ ಮುಂತಾದ ದಾರಿಗಳಲ್ಲಿ ನಿಗದಿತ ಬಾಡಿಗೆಯ ದರಕ್ಕೆ ಕೈಹಾಕದೆ ಷಟರ್ ಮೇಲೇಳುವಂತೆ ಮಾಡಬಹುದು.

ಪಾರ್ಕಿಂಗ್ ವಿಷಯ ಬಂದರೆ ಸಭೆ ಬಿಸಿಯಾಗುತ್ತದೆ. ಗಿರಾಕಿಗೆ ಗಾಡಿ ನಿಲ್ಲಿಸಲು ಜಾಗವಿಲ್ಲ ಎಂದು ದೂರುವ ವರ್ತಕರ ಮತ್ತು ಅವರ ನೌಕರರ ಗಾಡಿಗಳೇ ಎಷ್ಟೋ ಬಾರಿ ಅಂಗಡಿಯ ಮುಂದಿನ ಜಾಗವನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಹಿಡಿದಿರುತ್ತವೆ. ಕ್ಯಾಲಿಫೋರ್ನಿಯಾದ ಓಲ್ಡ್ ಪ್ಯಾಸಡೀನಾದಲ್ಲಿಯೂ ಹೀಗೆಯೇ ಇತ್ತು. 1993ರಲ್ಲಿ ಅಲ್ಲಿ ಪಾರ್ಕಿಂಗ್ ಮೀಟರ್‌ಗಳು ಬಂದವು. ಬಂದ ಹಣವನ್ನು ಅದೇ ಪೇಟೆಯ ಪಾದಚಾರಿ ಮಾರ್ಗ, ದೀಪ ಮತ್ತು ಸ್ವಚ್ಛತೆಗೆ ಬಳಸುವ ಭರವಸೆ ಸಿಕ್ಕ ಮೇಲೆಯೇ ವಿರೋಧ ತಣ್ಣಗಾದದ್ದು. ಶುಲ್ಕ ನಗರಾಡಳಿತದ ಸಾಮಾನ್ಯ ಬೊಕ್ಕಸಕ್ಕೆ ಹೋಗುವುದಾದರೆ ವರ್ತಕರನ್ನು ಒಪ್ಪಿಸಲು ನಾನಂತೂ ಹೋಗುವುದಿಲ್ಲ.

ವಾಹನಗಳನ್ನು ಪೂರ್ತಿ ನಿಲ್ಲಿಸಿದರೆ ಪೇಟೆ ತಾನಾಗಿ ಕಳೆಗಟ್ಟುತ್ತದೆ ಎಂಬ ನಂಬಿಕೆಯೂ ಇದೆ. ಕೋಪನ್‌ಹೇಗನ್ನಿನ ಸ್ಟ್ರೋಯೆಟ್ 1962ರಿಂದ ಪಾದಚಾರಿ ಬೀದಿಯಾಗಿ ಯಶಸ್ವಿಯಾಗಿದೆ; ಷಿಕಾಗೊದ ಸ್ಟೇಟ್ ಸ್ಟ್ರೀಟ್‌ನಲ್ಲಿ 1979ರಲ್ಲಿ ಬಸ್ಸುಗಳ ಹೊರತು ಉಳಿದ ಸಂಚಾರವನ್ನು ತಡೆದು, 1996ರಲ್ಲಿ ಮತ್ತೆ ತೆರೆಯಬೇಕಾಯಿತು. ಸುತ್ತಮುತ್ತ ನಡೆದು ಬರುವಷ್ಟು ದೂರದಲ್ಲಿ ವಾಸಿಸುವವರಿಲ್ಲದಿದ್ದರೆ, ಕಚೇರಿಗಳು ಮುಚ್ಚಿದ ಮೇಲೆ ಅಗಲವಾದ ಬೀದಿ ಇನ್ನಷ್ಟು ಬಿಕೋ ಎನ್ನುತ್ತದೆ. ಅಂಗಡಿಗಳ ಮೇಲಿನ ಖಾಲಿ ಮಹಡಿಗಳನ್ನು ಮನೆಗಳಾಗಿ ಪರಿವರ್ತಿಸಲು ನಾನು ಒತ್ತಾಯಿಸುವುದು ಇದಕ್ಕಾಗಿಯೇ.

ಇಷ್ಟಕ್ಕೆಲ್ಲ ನಿರಂತರವಾದ ಹಣ ಬೇಕು. ವಂತಿಗೆ ಎತ್ತಿದರೆ ಕೊಡುವವರು ಕೆಲವರು, ಲಾಭ ಎಲ್ಲರಿಗೂ. ಈ ತಕರಾರಿಗೆ 1970ರಲ್ಲಿ ಕೆನಡಾದ ಟೊರೊಂಟೊ ನಗರದ ಬ್ಲೂರ್ ವೆಸ್ಟ್ ವಿಲೇಜ್ ಎಂಬ ಪೇಟೆ ಪರಿಹಾರ ಹುಡುಕಿತು: ನಿಗದಿತ ಪ್ರದೇಶದ ಎಲ್ಲ ವ್ಯಾಪಾರಗಳ ಮೇಲೂ ವಿಶೇಷ ಕರ ಹಾಕಿ, ನಗರಾಡಳಿತವೇ ಅದನ್ನು ವಸೂಲಿ ಮಾಡಿ ವರ್ತಕರ ಮಂಡಳಿಗೆ ಕೊಡುವ ಪದ್ಧತಿ. ಆ ಹಣದಲ್ಲಿ ಮೊದಲಿಗೆ ನಾನು ಕೇಳುವುದು ಉತ್ಸವವನ್ನಲ್ಲ. ಖಾಲಿ ಮಳಿಗೆಗಳ ಪಟ್ಟಿ ಇಟ್ಟುಕೊಂಡು, ಮಾಲೀಕರನ್ನೂ ಹೊಸ ವ್ಯಾಪಾರಿಗಳನ್ನೂ ಎದುರುಬದುರು ಕೂರಿಸುವ ಒಬ್ಬ ಪೂರ್ಣಾವಧಿ ನೌಕರನನ್ನು.